ಅವನ ನಾನು

ಬೆಳಿಗ್ಗೆ ಆರಕ್ಕೆ, ದಕ್ಕೆಯಲ್ಲಿ, ಐಸು ಕರಗುವ ಮೊದಲು
ಅಂಜಲ್ ಎತ್ತಿ ಹಿಡಿದು ನಗಬೇಕಿತ್ತು ಅವನು.
ಮೂರು ಸಲ ನಕ್ಕ. ಮೂರನೆಯದು ಆದೀತು ಅಂದೆ.
ಮೀನು ಜಲಜಕ್ಕನದು. ಕ್ಯಾಮೆರಾ ನೋಡಬೇಡಿ ಎಂದಿದ್ದೆ,
ಕ್ಯಾಮೆರಾವನ್ನೇ ನೋಡಿ ಕೇಳಿದಳು,
"ಇದು ತಕ್ಕೊಳ್ತೀರಾ, ಹೀಗೇ ಬಿಸಿಲಿಗೆ ಹಿಡೀತೀರಾ?"
ತೆಗೆದುಕೊಳ್ಳಲಿಲ್ಲ. ಅವನಿಗೆ ಅಸಿಡಿಟಿ.
ಬರೆದೆ: ಹುಟ್ಟಿದ ನೀರಿನ ವಾಸನೆಗಿಂತ
ದೊಡ್ಡ ಸೆಂಟು ನನಗಿಲ್ಲ.
ಮಧ್ಯಾಹ್ನದೊಳಗೆ ಹನ್ನೊಂದು ಸಾವಿರ ಹೃದಯ.

ಕೊಡಿಯಾಲಬೈಲಿನ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ತಿಂಗಳಿಗೆ ಇಪ್ಪತ್ತೆರಡು ಸಾವಿರಕ್ಕೆ
ನಾನು ತೇಜ್ ಬೆಂಗ್ರೆಯ ನಾನು.
ಅವನ ಹಸಿವು ನಾನು, ಅವನ ಹಬ್ಬ,
ಸಿನಿಮಾ ಮಲಗಿದಾಗ ಎರಡು ದಿನದ ಮೌನ,
ಆ ಮೌನಕ್ಕೂ ಹೊತ್ತು ಗೊತ್ತು ಮಾಡಿಡುವವಳು ನಾನೇ.
ಮನೆಮಾತು ಕೊಂಕಣಿ. ಅವನ ಬಾಲ್ಯ ಬರೆಯಲಿಕ್ಕೆಂದು
ತುಳು ಕಲಿತೆ, ಬಸ್ಸಿನಲ್ಲಿ, ಮುದುಕಿಯರ ಜಗಳ ಕೇಳಿ.
ಮೊದಲೆಲ್ಲ ಕುತ್ತಿಗೆಯ ಕಪ್ಪು ಅಳಿಸುತ್ತಿದ್ದೆವು.
ಈಗ ಮಣ್ಣಿನ ಮಗ ಓಡುತ್ತಾನೆ;
ಅಳಿಸಿದ ಕಪ್ಪನ್ನೇ ಮತ್ತೆ ತಂದು ಬಳಿಯುತ್ತೇವೆ.

ಹುಟ್ಟಿದ ಹೆಸರು ದೇಜಪ್ಪ.
ಅದು ಆಧಾರ್ ಕಾರ್ಡಿನಲ್ಲಿದೆ, ಮತ್ತೆ
ಒಂದು ರಾತ್ರಿ ಇನ್‌ಬಾಕ್ಸಿಗೆ ಬಂತು:
"ದೇಜು, ನೆಂಪು ಉಂಡಾ? ನಾನು ಅಬ್ಬು.
ಫೆರಿಯಿಂದ ಹಾರುವಾಗ ನಿನ್ನ ಒಂದು ಚಪ್ಪಲಿ
ಅಳಿವೆಗೆ ಹೋದದ್ದು?"

ಇಂಥದ್ದಕ್ಕೆ ನಿಯಮ ಇದೆ: ಮುಗಿದ ಕೈ, ಒಂದು ಹೃದಯ, ಸಾಕು.
ಅದೇನು ಕಂಡಿತೋ, ಕೇಳಿದೆ: ಮತ್ತೆ?
ಅವನು ಹೇಳಿದ.
ಉಳಿದ ಒಂದು ಚಪ್ಪಲಿ, ಇಬ್ಬರು ಹುಡುಗರು,
ಹೊಯ್ಗೆ ಕಾದು ಕೆಂಡ,
ನಿನ್ನ ಕಾಲಿಗೆ ಹತ್ತು ಹೆಜ್ಜೆ, ನನ್ನ ಕಾಲಿಗೆ ಹತ್ತು
ಎಂದು ಎಣಿಸುತ್ತ ಶಾಲೆಯವರೆಗೂ ಕುಂಟಿದ್ದು.
ಮತ್ತೆ? ಮತ್ತೆ? ಎಂದೆ. ಗಂಟೆ ಎರಡಾಯಿತು.

ಗುರುವಾರ ಅದನ್ನು ಹಾಕಿದೆ.
ಅಬ್ಬು ಅದರಲ್ಲಿ "ಒಬ್ಬ ಗೆಳೆಯ" ಆದ.
ತೇಜ್ ಓದಿ ಸುಮ್ಮನೆ ಕೂತ. "ಇದು ನಿಜವಾ?" ಅಂದ.
ಮುಂದಿನ ವಾರ ಟೀವಿಯಲ್ಲಿ ತಾನೇ ಹೇಳಿದ,
ಹೊಯ್ಗೆಯ ಮಾತು ಬಂದಲ್ಲಿ ಗಂಟಲು ಕಟ್ಟಿತು.
ನಟನೆ ಅಲ್ಲ ಅದು, ನನಗೆ ಗೊತ್ತು ಅವನ ನಟನೆ.

ಹಂಪನಕಟ್ಟೆಯ ಜವಳಿ ಅಂಗಡಿಗೆ ರಿಬ್ಬನ್ ಕತ್ತರಿಸುವ ದಿನ
ಬಂದಿದ್ದ ಅಬ್ಬು, ಇಸ್ತ್ರಿ ಅಂಗಿ,
ಬೋಟಿನ ಎಂಜಿನ್ನಿನ ಗ್ರೀಸು ಹೋಗದ ಉಗುರು.
ಪ್ರೊಫೈಲಿನ ಮುಖ ನಾನು ಗುರುತಿಸಿದೆ.
ತೇಜ್ ಕೈ ಕುಲುಕಿದ, ಹೆಗಲು ತಟ್ಟಿದ,
"ಥ್ಯಾಂಕ್ಯೂ ಬ್ರದರ್",
ಮುಂದಿನವರು.
ಎರಡು ಮಾರು ದೂರದಲ್ಲಿ
ದೇಜುವನ್ನು ಕೈಯಲ್ಲಿ ಹಿಡಿದುಕೊಂಡು ನಾನು ನಿಂತಿದ್ದೆ,
ಚಾರ್ಜು ಹದಿನಾಲ್ಕು ಶೇಕಡಾ.

ಫೋಟೋದ ಮೂಲೆಯಲ್ಲಿ ಒಂದು ಮೊಣಕೈ ಉಳಿದಿತ್ತು.
"ಇದು ಯಾರ್ದು? ತೆಗಿ" ಅಂದ. ತೆಗೆದೆ.

ರಾತ್ರಿ ಮೆಸೇಜು:
"ಬಂದಿದ್ದೆ ದೇಜು. ಜನ ಜಾಸ್ತಿ. ನೀನು ಸಪೂರ ಆಗಿದ್ದಿ.
ಬೇಜಾರಿಲ್ಲ ಮಾರಾಯ,
ಮೆಸೇಜಿನಲ್ಲಾದರೂ ಮೊದಲಿನ ಹಾಗೇ ಇದ್ದಿಯಲ್ಲ."

ಬರೆದೆ. ಅಳಿಸಿದೆ.
ನಾನು ಎಂದು ಬರೆದೆ, ಯಾರ ನಾನು ಎಂದು ತಿಳಿಯದೆ
ಅದನ್ನೂ ಅಳಿಸಿದೆ.
ಕೆಳಗೆ ಝೆರಾಕ್ಸಿನವರು ಶಟರ್ ಎಳೆದರು.
ಹೊಳೆಯ ಆಚೆ, ಬೆಂಗ್ರೆಯಲ್ಲಿ,
ಒಬ್ಬನ ಅಂಗೈಯಲ್ಲಿ ಮೂರು ಚುಕ್ಕಿ
ಏಳುತ್ತ, ಬೀಳುತ್ತ ಇರಬೇಕು;
ದೇಜು ಏನೋ ಬರೆಯುತ್ತಿದ್ದಾನೆ ಎಂದು
ಕಾಯುತ್ತಿರಬೇಕು ಅವನು.